ಅನುಮಾನ ಮತ್ತು ಪ್ರತ್ಯಕ್ಷ: ಸೂಕ್ಷ್ಮನಾಳಗಳನ್ನು ಕೋಶದ ಅಂಚಿಗೆ ಬೆಸೆಯುವ ಪ್ರೋಟೀನುಗಳ ಶೋಧಚರಿತ್ರೆ

ಚರಿತ್ರಕಾರನ ಕೆಲಸ ಪ್ರಮಾಣಗಳನ್ನು ತೂಗುವುದು. ಶಾಸನ, ನಾಣ್ಯ, ಕಡತಗಳ ವಿಷಯದಲ್ಲಿ ಇದನ್ನು ನಾವು ಚೆನ್ನಾಗಿ ಬಲ್ಲೆವು. ಆದರೆ ವಿಜ್ಞಾನದ ಚರಿತ್ರೆಯನ್ನು ಬರೆಯಹೊರಟಾಗ, ಒಂದು ವಸ್ತುವನ್ನು ಯಾರು ಮೊದಲು ಕಣ್ಣಾರೆ ಕಂಡರೋ ಅವರೇ ಅದನ್ನು ಕಂಡುಹಿಡಿದವರೆಂದು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನವು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಜೀವಕೋಶ ವಿಜ್ಞಾನದ ಒಂದು ಪ್ರಕರಣವನ್ನು ಹಿಡಿದು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಷಯವನ್ನು ಪರಿಚಯಿಸಿಕೊಳ್ಳೋಣ. ಜೀವಕೋಶದೊಳಗೆ ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಅಣುಗಳು ಸಾಲುಗೂಡಿ ಟೊಳ್ಳಾದ ನಳಿಗೆಗಳಾಗುತ್ತವೆ. ಇವೇ ಸೂಕ್ಷ್ಮನಾಳಗಳು. ಒಂದೊಂದರ ವ್ಯಾಸ ಸುಮಾರು ೨೫ ನ್ಯಾನೊಮೀಟರು. ಎಂದರೆ ೪೦,೦೦೦ ನಾಳಗಳನ್ನು ಮಗ್ಗುಲಾಗಿ ಜೋಡಿಸಿದರೆ ಒಂದು ಮಿಲಿಮೀಟರು ಅಗಲವಾದೀತು. ಕೋಶಪೊರೆಯ ಒಳಮೈಗೆ ಒತ್ತಿಕೊಂಡಿರುವ ತೆಳುಪದರಕ್ಕೆ ಕಾರ್ಟೆಕ್ಸ್ ಎಂದು ಹೆಸರು. ನಾವು ಅದನ್ನು ಅಂಚುಪದರವೆಂದು ಕರೆಯೋಣ. ಕೋಶಕ್ಕೆ ಒಂದು ಆಕಾರ, ಬೆಳವಣಿಗೆಗೆ ಒಂದು ದಿಕ್ಕು ಒದಗುವುದರಲ್ಲಿ ಈ ನಾಳಗಳು ಅಂಚಿನೊಡನೆ ಕೂಡಿಕೊಳ್ಳುವ ಬಗೆಯು ಮುಖ್ಯವಾದ ಕಾರಣ. ಆ ಕೂಡಿಕೆಯನ್ನು ಸಾಧಿಸುವ ಪ್ರೋಟೀನುಗಳೇ ಇಲ್ಲಿಯ ವಿಚಾರವಸ್ತು.

ಸೂಕ್ಷ್ಮನಾಳಗಳ ಶೋಧಕ್ಕೆ ಪಠ್ಯಗ್ರಂಥಗಳು ಸಾಮಾನ್ಯವಾಗಿ ಕೊಡುವ ವರ್ಷ ೧೯೬೩. ಆದರೆ ಕಥೆ ಅಲ್ಲಿಂದ ಮೊದಲಾಗುವುದಿಲ್ಲ. ಕೋಶವು ಇಬ್ಭಾಗವಾಗುವಾಗ ಕದಿರಿನ ಆಕಾರದ ರಚನೆಯೊಂದು ಮೂಡುವುದನ್ನು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರೇ ವರ್ಣಿಸಿದ್ದರು. ಅದರ ಎಳೆಗಳು ನಿಜವಾಗಿ ಉಂಟೋ, ಅಥವಾ ಕೋಶವನ್ನು ಕೊಂದು ಬಣ್ಣಗೊಳಿಸುವ ರಾಸಾಯನಿಕಗಳಿಂದ ಹುಟ್ಟಿದ ಭ್ರಮೆಯೋ ಎಂಬ ಸಂದೇಹ ಮಾತ್ರ ಬಹುಕಾಲ ಉಳಿದಿತ್ತು. ೧೯೫೩ರಲ್ಲಿ ಷಿನ್ಯಾ ಇನೊಯೆ ಅವರು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಿಂದ ಜೀವಂತ ಕೋಶದಲ್ಲಿಯೇ ಆ ಎಳೆಗಳನ್ನು ತೋರಿಸಿ ಸಂದೇಹವನ್ನು ನಿವಾರಿಸಿದರು. ಕಾಲ್ಚಿಸಿನ್ ಎಂಬ ವಿಷವು ಕದಿರೆಳೆಗಳನ್ನು ಕರಗಿಸುತ್ತದೆ ಎಂಬುದೂ ಆ ವೇಳೆಗೆ ತಿಳಿದಿತ್ತು. ನಮ್ಮ ನಾಡಿನ ಬೇಲಿಗಳಲ್ಲಿ ಹಬ್ಬುವ ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಇದೇ ವಿಷವಿದೆ.

ಈ ತಿಳಿವಳಿಕೆಯನ್ನು ಬೇರೊಂದು ಪ್ರಶ್ನೆಗೆ ಅನ್ವಯಿಸಿದವರು ಅಮೆರಿಕದ ಸಸ್ಯವಿಜ್ಞಾನಿ ಪಾಲ್ ಗ್ರೀನ್. ನೈಟೆಲ್ಲ ಎಂಬ ಸಿಹಿನೀರಿನ ಪಾಚಿಯ ನೀಳವಾದ ಕೋಶವು ಉದ್ದಕ್ಕೆ ಬೆಳೆಯುವುದೇಕೆ? ಕೋಶಭಿತ್ತಿಯ ಸೆಲ್ಯುಲೋಸ್ ಎಳೆಗಳು ಪೀಪಾಯಿಗೆ ಹಾಕಿದ ಬಳೆಗಳಂತೆ ಅಡ್ಡಲಾಗಿ ಸುತ್ತಿಕೊಂಡಿರುವುದರಿಂದ. ಆ ಎಳೆಗಳಿಗೆ ದಿಕ್ಕು ತೋರುವವರಾರು? ಕಾಲ್ಚಿಸಿನ್ ಹಾಕಿದಾಗ ಬೆಳವಣಿಗೆಯು ದಿಕ್ಕುಗೆಟ್ಟಿತು. ಕದಿರೆಳೆಗಳನ್ನು ಕರಗಿಸುವ ವಿಷ ಭಿತ್ತಿಯ ಜೋಡಣೆಯನ್ನೂ ಕೆಡಿಸುತ್ತದೆಂದಾದರೆ, ಕೋಶದ್ರವದಲ್ಲಿ ಕದಿರೆಳೆಗಳಿಗೆ ಸಜಾತೀಯವಾದ ಪ್ರೋಟೀನು ತಂತುಗಳಿದ್ದು ಅವೇ ಸೆಲ್ಯುಲೋಸಿಗೆ ದಿಕ್ಕು ತೋರುತ್ತಿರಬೇಕೆಂದು ಗ್ರೀನ್ ೧೯೬೨ರ ಡಿಸೆಂಬರಿನಲ್ಲಿ ಪ್ರತಿಪಾದಿಸಿದರು. ಅಂತಹ ತಂತುಗಳನ್ನು ಅವರು ಕಂಡಿರಲಿಲ್ಲ. ನಮ್ಮ ತರ್ಕಶಾಸ್ತ್ರದಲ್ಲಿ ಅನುಮಾನವೆಂದು ಕರೆಯುವ ಪ್ರಮಾಣ ಇದೇ: ಕಂಡ ಕುರುಹಿನಿಂದ ಕಾಣದ ಕಾರಣವನ್ನು ನಿಶ್ಚಯಿಸುವುದು.

ಮರುವರ್ಷ ಹಾರ್ವರ್ಡಿನಲ್ಲಿ ಮೈರನ್ ಲೆಡ್ಬೆಟರ್ ಮತ್ತು ಕೀತ್ ಪೋರ್ಟರ್ ಅವರು ಸಸ್ಯಗಳ ಬೇರುತುದಿಯ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಕೋಶಪೊರೆಯ ಒಳಗಡೆ, ಅಂಚುಪದರದಲ್ಲಿಯೇ, ೨೩೦ರಿಂದ ೨೭೦ ಆಂಗ್‌ಸ್ಟ್ರಾಂ ವ್ಯಾಸದ ನಳಿಗೆಗಳು ಸೆಲ್ಯುಲೋಸ್ ಎಳೆಗಳಿಗೆ ಸಮಾಂತರವಾಗಿ ನಿಂತಿದ್ದುವು. ಸೂಕ್ಷ್ಮನಾಳವೆಂಬ ಅರ್ಥದ ಹೆಸರನ್ನು ಅವರು ಅವಕ್ಕೆ ಕೊಟ್ಟರು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಅದಕ್ಕೆ ಬಹಳ ಮೊದಲೇ ಬಳಕೆಗೆ ಬಂದಿತ್ತು. ಹಾಗಿದ್ದೂ ಈ ನಾಳಗಳು ಕಾಣದೆ ಹೋದುದಕ್ಕೆ ಕಾರಣವೇನು? ಕೋಶವನ್ನು ಕೆಡದಂತೆ ನಿಲ್ಲಿಸಲು ಅಲ್ಲಿಯವರೆಗೆ ಬಳಸುತ್ತಿದ್ದುದು ಮುಖ್ಯವಾಗಿ ತಣ್ಣನೆಯ ಆಸ್ಮಿಯಂ ಟೆಟ್ರಾಕ್ಸೈಡು. ಅಂಚಿನ ಸೂಕ್ಷ್ಮನಾಳಗಳು ಅದರಲ್ಲಿ ಉಳಿಯುತ್ತಿರಲಿಲ್ಲ. ಗ್ಲೂಟರಾಲ್ಡಿಹೈಡ್ ಎಂಬ ಹೊಸ ದ್ರವ್ಯ ಬಂದ ಮೇಲೆ ಅವು ಉಳಿದುವು. ಕೋಶಗಳ ಮೇಲಿನ ಚಲನರೋಮಗಳಲ್ಲಿರುವ ಗಟ್ಟಿಯಾದ ನಾಳಗಳಾದರೋ ಹಳೆಯ ವಿಧಾನದಲ್ಲಿಯೂ ಉಳಿಯುತ್ತಿದ್ದುದರಿಂದ ೧೯೫೦ರ ದಶಕದಲ್ಲಿಯೇ ಕಣ್ಣಿಗೆ ಬಿದ್ದಿದ್ದುವು. ಕಲ್ಲಿನ ಶಾಸನ ಉಳಿದು ಓಲೆಗರಿ ಅಳಿದುಹೋದ ಕಾಲದ ಬಗ್ಗೆ ಬರೆಯುವ ಚರಿತ್ರಕಾರನಿಗೆ ಈ ಸ್ಥಿತಿ ಹೊಸದಲ್ಲ. ಉಳಿಯದ ವಸ್ತು ಇರಲೇ ಇಲ್ಲವೆಂದು ಹೇಳುವುದು ಎರಡು ಕಡೆಯೂ ದೋಷವೇ.

ನಾಳಗಳು ಕಂಡವು, ಅವುಗಳನ್ನು ಅಂಚಿಗೆ ಕೂಡಿಸುವ ಬೆಸುಗೆ ಕಾಣಲಿಲ್ಲ. ಗ್ರೀನ್ ಅವರ ವಾದದ ಪೂರ್ಣ ಪರೀಕ್ಷೆಗೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. ೨೦೦೬ರಲ್ಲಿ ಪರೇಡಸ್, ಸಾಮರ್‌ವಿಲ್ ಮತ್ತು ಎರ್‌ಹಾರ್ಟ್ ಅವರು ಅರಬಿಡಾಪ್ಸಿಸ್ ಸಸ್ಯದ ಜೀವಂತ ಕೋಶಗಳಲ್ಲಿ, ಸೆಲ್ಯುಲೋಸನ್ನು ನೇಯುವ ಕಿಣ್ವಗಳು ಸೂಕ್ಷ್ಮನಾಳಗಳ ಜಾಡು ಹಿಡಿದು ಚಲಿಸುವುದನ್ನು ತೋರಿಸಿದರು. ನಾಳಗಳನ್ನು ಕರಗಿಸಿದಾಗ ಚಲನೆ ನಿಲ್ಲಲಿಲ್ಲ. ಅದರ ವಿನ್ಯಾಸ ಬದಲಾಯಿತು. ಆದುದರಿಂದ ನಾಳಗಳು ದಿಕ್ಕು ತೋರುವುವೇ ಹೊರತು ಎಳೆದೊಯ್ಯುವುದಿಲ್ಲ. ಕಿಣ್ವವನ್ನೂ ನಾಳವನ್ನೂ ಕೂಡಿಸುವ ಸಿಎಸ್‌ಐ-೧ ಎಂಬ ಪ್ರೋಟೀನು ೨೦೧೦ರಲ್ಲಿ ಗುರುತಿಗೆ ಬಂದಿತು; ಅದು ನೇರವಾಗಿ ಸೂಕ್ಷ್ಮನಾಳವನ್ನು ಹಿಡಿಯುತ್ತದೆ ಎಂಬುದು ೨೦೧೨ರಲ್ಲಿ ಸಿದ್ಧಪಟ್ಟಿತು.

ಪ್ರಾಣಿಕೋಶಗಳ ಚರಿತ್ರೆಯಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. ಸೂಕ್ಷ್ಮನಾಳಗಳು ಬೆಳೆಯುತ್ತಿದ್ದಂತೆಯೇ ಹಠಾತ್ತಾಗಿ ಕುಸಿದು, ಮತ್ತೆ ಬೆಳೆಯುತ್ತವೆಂದು ಮಿಚಿಸನ್ ಮತ್ತು ಕಿರ್ಷ್‌ನರ್ ೧೯೮೪ರಲ್ಲಿ ತೋರಿಸಿದರು. ಇಷ್ಟು ಅಸ್ಥಿರವಾದ ವಸ್ತುವಿನಿಂದ ಕೋಶಕ್ಕೆ ಸ್ಥಿರವಾದ ಆಕಾರ ಬರುವುದೆಂತು? ನಾಳಗಳು ಎಲ್ಲ ದಿಕ್ಕಿಗೂ ಚಾಚುತ್ತವೆ, ಅಂಚಿನಲ್ಲಿ ಹಿಡಿತ ಸಿಕ್ಕಿದವು ಮಾತ್ರ ಉಳಿಯುತ್ತವೆ ಎಂದು ಅವರು ೧೯೮೬ರಲ್ಲಿ ವಾದಿಸಿದರು. ಹಿಡಿಯುವ ಕೈ ಯಾವುದೆಂಬುದು ಆಗ ತಿಳಿದಿರಲಿಲ್ಲ.

ಅದರ ಮೊದಲ ಸುಳಿವು ದೊರೆತುದು ಬೇರೊಂದು ಹಾದಿಯಿಂದ. ದೊಡ್ಡ ಕರುಳಿನ ಕ್ಯಾನ್ಸರಿಗೆ ಸಂಬಂಧಿಸಿದ ಎಪಿಸಿ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಇಬಿ-೧ ಎಂಬುದು ೧೯೯೫ರಲ್ಲಿ ಕಂಡುಬಂದಿತು; ಅದು ಬೆಳೆಯುವ ನಾಳಗಳ ತುದಿಯಲ್ಲಿ ನೆಲಸುತ್ತದೆ ಎಂಬುದು ಆಮೇಲೆ ತಿಳಿಯಿತು. ೫,೦೦೦ಕ್ಕೂ ಹೆಚ್ಚು ಅಮೈನೋ ಆಮ್ಲಗಳುಳ್ಳ ಎಸಿಎಫ್-೭ ಎಂಬ ಭಾರಿ ಪ್ರೋಟೀನು ಅಂಚಿನ ಆ್ಯಕ್ಟಿನ್ ತಂತುಗಳನ್ನೂ ಸೂಕ್ಷ್ಮನಾಳಗಳನ್ನೂ ಹಿಡಿಯಬಲ್ಲುದು. ಅದಿಲ್ಲದ ಕೋಶಗಳಲ್ಲಿ ನಾಳಗಳು ಆ್ಯಕ್ಟಿನ್ ಜಾಡನ್ನು ಅನುಸರಿಸಿ ಅಂಚಿನತ್ತ ಸಾಗಲಾರವೆಂದು ೨೦೦೩ರಲ್ಲಿ ತಿಳಿದುಬಂದಿತು.

ಬೆಸುಗೆಯ ಒಳರಚನೆ ಪ್ರತ್ಯಕ್ಷವಾದುದು ೨೦೦೯ರಲ್ಲಿ. ಎಸಿಎಫ್-೭ರ ಸಜಾತಿಯಾದ ಇನ್ನೊಂದು ಪ್ರೋಟೀನಿನ ತುಣುಕನ್ನು ಇಬಿ-೧ರ ಬಾಲದ ಭಾಗದೊಡನೆ ಸ್ಫಟಿಕವಾಗಿಸಿ, ಮಿಷೆಲ್ ಸ್ಟೈನ್‌ಮೆಟ್ಸ್ ಅವರ ತಂಡದವರು ಕ್ಷ-ಕಿರಣಗಳಿಂದ ಪರೀಕ್ಷಿಸಿದರು. ಇಬಿ-೧ರ ಬಾಲದಲ್ಲಿರುವ ನೀರೊಲ್ಲದ ಒಂದು ಕುಳಿಯಲ್ಲಿ ಐಸೊಲ್ಯೂಸಿನ್ ಮತ್ತು ಪ್ರೋಲಿನ್ ಎಂಬ ಎರಡು ಅಮೈನೋ ಆಮ್ಲಗಳು ಕುಳಿತಿದ್ದುವು. ಸೆರಿನ್, ಯಾವುದಾದರೊಂದು ಅಮೈನೋ ಆಮ್ಲ, ಐಸೊಲ್ಯೂಸಿನ್, ಪ್ರೋಲಿನ್ ಎಂಬ ಈ ಕಿರಿಯ ಅನುಕ್ರಮವೇ ನಾಳದ ತುದಿಗೆ ಹೋಗುವ ಅನೇಕ ಪ್ರೋಟೀನುಗಳ ರಹದಾರಿ. ಅದರ ಅಕ್ಕಪಕ್ಕದಲ್ಲಿ ಫಾಸ್ಫೇಟು ಸೇರಿದರೆ ಹಿಡಿತ ಸಡಿಲುತ್ತದೆ. ಕೋಶವು ಬೇಕಾದಾಗ ಕೂಡಿಸಿ ಬೇಡವಾದಾಗ ಬಿಡಿಸಬಲ್ಲುದಕ್ಕೆ ಇದೊಂದು ಕಾರಣ. ಇಬಿ ಬಳಗದ ಪ್ರೋಟೀನಿನ ತಲೆಯ ಭಾಗವು ನಾಳದ ಗೋಡೆಯಲ್ಲಿ ನಾಲ್ಕು ಟ್ಯೂಬ್ಯುಲಿನ್ ಜೋಡಿಗಳು ಸಂಧಿಸುವ ಮೂಲೆಯಲ್ಲಿ ನೆಲಸುತ್ತದೆ ಎಂಬುದು ೨೦೧೨ರಲ್ಲಿ, ಹೆಪ್ಪುಗಟ್ಟಿಸಿದ ಮಾದರಿಗಳ ಎಲೆಕ್ಟ್ರಾನ್ ಸೂಕ್ಷ್ಮದರ್ಶನದಿಂದ, ವ್ಯಕ್ತವಾಯಿತು.

ಮೇಲಿನ ಸಂಗತಿಗಳಿಂದ ನಾವು ಎರಡು ಅಂಶಗಳನ್ನು ಗ್ರಹಿಸಬಹುದು. ಒಂದನೆಯದು, ಸಸ್ಯದಲ್ಲಿಯೂ ಪ್ರಾಣಿಯಲ್ಲಿಯೂ ಅನುಮಾನವು ಮುಂದೆ ನಡೆಯಿತು, ಪ್ರತ್ಯಕ್ಷವು ಹಿಂದೆ ಬಂದಿತು. ನಡುವಣ ಅಂತರವನ್ನು ನಿರ್ಧರಿಸಿದುದು ಬಹುಮಟ್ಟಿಗೆ ಸಾಧನಗಳ ಸ್ಥಿತಿ. ಆದುದರಿಂದ ಶೋಧದ ಕಾಲವನ್ನು ಮೊದಲ ಚಿತ್ರದ ಕಾಲದಿಂದಲೇ ಎಣಿಸಿದರೆ ಗ್ರೀನ್ ಅವರಂಥವರಿಗೆ ಅನ್ಯಾಯವಾಗುವುದಲ್ಲದೆ, ಚಿತ್ರವನ್ನು ತೆಗೆಯಲು ಎಲ್ಲಿ ನೋಡಬೇಕೆಂದು ತೋರಿದುದೇನು ಎಂಬುದೂ ಮರೆಯಾಗುತ್ತದೆ. ಎರಡನೆಯದು, ಪ್ರತ್ಯಕ್ಷವು ಅನುಮಾನಕ್ಕೆ ಬರಿಯ ಮುದ್ರೆಯೊತ್ತಲಿಲ್ಲ, ಅದನ್ನು ತಿದ್ದಿತು. ನಾಳವು ಎಳೆಯುವುದಿಲ್ಲ, ದಾರಿ ತೋರುತ್ತದೆ. ಅಂಚಿನಲ್ಲಿ ಹಿಡಿಯುವ ಕೈ ಒಂದಲ್ಲ, ಹಲವು. ಸಸ್ಯದ ಸಿಎಸ್‌ಐ-೧ಕ್ಕೂ ಪ್ರಾಣಿಯ ಎಸಿಎಫ್-೭ಕ್ಕೂ ರಚನೆಯಲ್ಲಿ ಸಾಮ್ಯವಿಲ್ಲ. ಇವನ್ನು ತರ್ಕವೊಂದರಿಂದಲೇ ತಿಳಿಯಲು ಸಾಧ್ಯವಿರಲಿಲ್ಲ.

ಶೋಧಗಳನ್ನು ಇಸವಿ ಮತ್ತು ಹೆಸರುಗಳ ಪಟ್ಟಿಯಾಗಿ ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಈ ಎರಡೂ ತಪ್ಪಿಹೋಗುತ್ತವೆ. ೧೯೬೩ ಎಂಬ ಇಸವಿಯ ಪಕ್ಕದಲ್ಲಿ ೧೯೬೨ನ್ನೂ ೨೦೦೬ನ್ನೂ ಬರೆದುಕೊಂಡು, ಯಾವುದು ಯಾವ ಬಗೆಯ ಪ್ರಮಾಣವೆಂದು ಕೇಳಿಕೊಳ್ಳುವ ಅಭ್ಯಾಸವನ್ನು ಅಧ್ಯಾಪಕರು ತರಗತಿಯಲ್ಲಿಯೇ ಮಾಡಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.