ಲ್ಯಾಕ್ಟಿಕ್ ಆಮ್ಲ ಮತ್ತು ಸ್ನಾಯುಗಳ ದಣಿವು: ಸಂಶೋಧನೆಯ ಇತಿಹಾಸ

ವ್ಯಾಯಾಮದಲ್ಲಿ ಬರುವ ದಣಿವಿಗೂ ಮರುದಿನದ ಮೈಕೈ ನೋವಿಗೂ ಲ್ಯಾಕ್ಟಿಕ್ ಆಮ್ಲವೇ ಕಾರಣ ಎಂಬ ತಿಳಿವಳಿಕೆ ಬಹುಕಾಲದಿಂದ ಬೇರೂರಿದೆ. ದಣಿವು ಮತ್ತು ನೋವು ಎರಡು ಬೇರೆ ಪ್ರಶ್ನೆಗಳು; ಅವನ್ನು ಒಂದಾಗಿ ಕಂಡದ್ದರಿಂದಲೇ ಗೊಂದಲ ಬೆಳೆಯಿತು.

ರಸಾಯನಶಾಸ್ತ್ರಜ್ಞ ಶೀಲೆ 1780ರಲ್ಲಿ ಹುಳಿತ ಹಾಲಿನಿಂದ ಈ ಆಮ್ಲವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಬರ್ಜೀಲಿಯಸ್ 1807ರ ಸುಮಾರಿಗೆ ಅದನ್ನು ಸ್ನಾಯುವಿನಲ್ಲಿ ಕಂಡರು. ಬೇಟೆಯಲ್ಲಿ ಓಡಿ ಬಳಲಿದ ಜಿಂಕೆಗಳಲ್ಲಿ ಅದು ಹೆಚ್ಚಿತ್ತೆಂಬ ಮಾತು ಅವರದೆಂದು ಪ್ರಚಲಿತವಾಗಿದ್ದರೂ ಅದು ನಮಗೆ ತಲುಪಿರುವುದು ಬೇರೆಯವರ ಬರಹಗಳ ಮೂಲಕ.

ಮುಂದಿನ ನೂರು ವರ್ಷ ಅಳತೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಪರೀಕ್ಷೆಗೆಂದು ಸ್ನಾಯುವನ್ನು ಕತ್ತರಿಸಿ ಅರೆದಾಗಲೇ ಅದರಲ್ಲಿ ಆಮ್ಲ ಹುಟ್ಟುತ್ತಿತ್ತು. 1907ರಲ್ಲಿ ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಸ್ನಾಯುವನ್ನು ಮಂಜಿನಷ್ಟು ತಣ್ಣಗಿನ ಆಲ್ಕೋಹಾಲಿನಲ್ಲಿ ಅರೆದು ಈ ದೋಷವನ್ನು ನಿವಾರಿಸಿದರು. ವಿಶ್ರಾಂತ ಸ್ನಾಯುವಿನಲ್ಲಿ ಆಮ್ಲ ಅತ್ಯಲ್ಪ, ಆಮ್ಲಜನಕವಿಲ್ಲದಾಗ ಅದು ಏರುತ್ತದೆ, ಆಮ್ಲಜನಕ ದೊರೆತಾಗ ಇಳಿಯುತ್ತದೆ ಎಂಬುದು ಆಗ ಸ್ಪಷ್ಟವಾಯಿತು. ಶರೀರಕ್ರಿಯಾ ವಿಜ್ಞಾನಿಗಳಾದ ಹಿಲ್ ಮತ್ತು ಮೈಯರ್‌ಹೋಫ್ ಈ ಸಂಶೋಧನೆಯನ್ನು ಮುಂದುವರಿಸಿ 1922ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಸ್ನಾಯುವನ್ನು ಸಂಕೋಚಿಸುವುದು ಈ ಆಮ್ಲವೇ ಎಂಬ ಮತ ಆ ದಿನಗಳಲ್ಲಿ ಪ್ರಬಲವಾಗಿತ್ತು.

ಆ ಮತ ಕುಸಿದದ್ದು 1930ರಲ್ಲಿ. ಕೋಪನ್‌ಹೇಗನ್ನಿನ ಲುಂಡ್ಸ್‌ಗಾರ್ಡ್ ಅಯೋಡೋಅಸಿಟಿಕ್ ಆಮ್ಲದ ವಿಷಪ್ರಯೋಗದಿಂದ ಲ್ಯಾಕ್ಟಿಕ್ ಆಮ್ಲದ ಉತ್ಪತ್ತಿಯನ್ನು ತಡೆದರೂ ಸ್ನಾಯು ಸಂಕೋಚಿಸುತ್ತಲೇ ಇತ್ತು, ಕರಗಿದ್ದು ಫಾಸ್ಫೋಕ್ರಿಯೇಟಿನ್ ಎಂಬ ಸಂಯುಕ್ತ. ಈ ಸಂಯುಕ್ತದ ಶೋಧದ ಕೀರ್ತಿಯನ್ನು ಹಲವು ಗ್ರಂಥಗಳು ಒಬ್ಬರಿಗೇ ಕೊಡುತ್ತವೆ. ಆದರೆ 1927ರಲ್ಲಿ ಲಂಡನ್ನಿನ ಎಗಲ್ಟನ್ ದಂಪತಿಗಳೂ ಹಾರ್ವರ್ಡ್‌ನ ಫಿಸ್ಕೆ ಮತ್ತು ಯಲ್ಲಾಪ್ರಗಡ ಸುಬ್ಬರಾವ್ ಅವರೂ ಪ್ರತ್ಯೇಕವಾಗಿ ಇದನ್ನು ಕಂಡಿದ್ದರು. ಅದರಲ್ಲಿ ಕ್ರಿಯೇಟಿನ್ ಇದೆಯೆಂದು ತೋರಿಸಿದವರು ಎರಡನೆಯ ಜೋಡಿ. 1929ರಲ್ಲಿ ಜೀವಕೋಶಗಳ ಶಕ್ತಿವಾಹಕವಾದ ಎಟಿಪಿಯನ್ನು ಜರ್ಮನಿಯ ಲೋಮನ್ ವರದಿ ಮಾಡಿದ ವರ್ಷವೇ ಫಿಸ್ಕೆ ಮತ್ತು ಸುಬ್ಬರಾವ್ ಕೂಡ ಅದನ್ನು ಪ್ರಕಟಿಸಿದರು. ಭೀಮವರಂನಲ್ಲಿ ಹುಟ್ಟಿದ ಸುಬ್ಬರಾವ್ ಅವರ ಹೆಸರು ಬಿಟ್ಟುಹೋದರೆ ಈ ಇತಿಹಾಸ ಅಪೂರ್ಣ. ತಮ್ಮ ಹಿಂದಿನ ಮತ ಬಿದ್ದುಹೋದುದನ್ನು ಹಿಲ್ 1932ರ ಲೇಖನದಲ್ಲಿ ‘ಕ್ರಾಂತಿ’ ಎಂದೇ ಕರೆದರು.

ಮುಂದೆ 1954ರ ಜಾರುತಂತು ಸಿದ್ಧಾಂತ ಈ ಆಮ್ಲದ ನೆರವಿಲ್ಲದೆಯೇ ಸಂಕೋಚನದ ಯಾಂತ್ರಿಕತೆಯನ್ನು ವಿವರಿಸಿತು.

ಇಷ್ಟಾದರೂ ದಣಿವಿನ ಮತ್ತು ನೋವಿನ ಆರೋಪ ಆಮ್ಲದ ಮೇಲೆಯೇ ಉಳಿಯಿತು. ನೋವಿನ ವಿಷಯದಲ್ಲಿ ಅದು ನಿಲ್ಲುವುದಿಲ್ಲ: ರಕ್ತದ ಲ್ಯಾಕ್ಟೇಟ್ (ದೇಹದಲ್ಲಿ ಈ ಆಮ್ಲ ಇರುವ ರೂಪ) ಸುಮಾರು ಒಂದು ಗಂಟೆಯಲ್ಲಿ ಇಳಿಯುತ್ತದೆ, ನೋವು ತೀವ್ರವಾಗುವುದು ಒಂದೆರಡು ದಿನಗಳ ನಂತರ. ಸ್ನಾಯುವಿನೊಳಗಿನ ಸೀಳುಗಳೇ ನೋವಿಗೆ ಕಾರಣವೆಂದು ಶರೀರಕ್ರಿಯಾ ವಿಜ್ಞಾನಿ ಥಿಯೋಡೋರ್ ಹಫ್ 1902ರಲ್ಲೇ ಸೂಚಿಸಿದ್ದರು. 1980ರ ದಶಕದಲ್ಲಿ ಶರೀರಕ್ರಿಯಾ ವಿಜ್ಞಾನಿ ಜಾರ್ಜ್ ಬ್ರೂಕ್ಸ್, ಒಂದು ಸ್ನಾಯುವಿನಲ್ಲಿ ಹುಟ್ಟಿದ ಲ್ಯಾಕ್ಟೇಟ್ ಹೃದಯಕ್ಕೂ ಇತರ ಸ್ನಾಯುಗಳಿಗೂ ಇಂಧನವಾಗುತ್ತದೆಂದು ಪ್ರತಿಪಾದಿಸಿದರು. ದಣಿವಿನ ವಿಷಯಕ್ಕೆ ಬಂದರೆ, ಆಮ್ಲೀಯತೆ ಬಲ ಕುಗ್ಗಿಸುತ್ತದೆಂದ ಹಳೆಯ ಪ್ರಯೋಗಗಳಲ್ಲಿ ಹೆಚ್ಚಿನವು ತಣ್ಣಗಿನ ಸ್ನಾಯುವಿನ ಮೇಲೆ ನಡೆದವು. ದೇಹದ ಉಷ್ಣತೆಯ ಆಸುಪಾಸಿನಲ್ಲಿ ಪರಿಣಾಮ ಬಹಳ ಕಡಿಮೆಯೆಂದು 1990ರ ದಶಕದಲ್ಲಿ ಕಂಡುಬಂತು. ಫಾಸ್ಫೋಕ್ರಿಯೇಟಿನ್ ಒಡೆದಾಗ ಹೊರಬರುವ ಫಾಸ್ಫೇಟಿನ ಜೊತೆ ಸೇರಿದಾಗ ಆಮ್ಲೀಯತೆಯೂ ಬಲವನ್ನು ಕುಂದಿಸುತ್ತದೆ ಎನ್ನುವವರು ಆಮ್ಲೀಯತೆಯ ಪಾತ್ರ ಅಲ್ಪವೆಂಬ ತೀರ್ಪನ್ನು ಒಪ್ಪಿಲ್ಲ.