ಮಾತಿನ ಗಾಯ, ಮುಷ್ಟಿಯ ಗಾಯ

ಜೊತೆಯಲ್ಲಿ ದುಡಿಯುವವರ ನಡುವೆ ಹುಟ್ಟುವ ವೈರವು ಹೊರಗಿನವರ ವೈರಕ್ಕಿಂತ ಕ್ರೂರವಾಗಿ ಪರಿಣಮಿಸುವುದುಂಟು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಐದುನೂರು ವರ್ಷಗಳ ಹಿಂದೆ ನಡೆದ ಒಂದು ಪ್ರಸಂಗವು ಇದಕ್ಕೆ ನಿದರ್ಶನ.

1490ರ ಸುಮಾರಿಗೆ ಆ ನಗರದ ಪ್ರಭುವಿನಂತಿದ್ದ ಲೊರೆಂಜೊ ದ ಮೆದಿಚಿಯು ತನ್ನ ಉದ್ಯಾನದಲ್ಲಿ ಪ್ರಾಚೀನ ಶಿಲ್ಪಗಳನ್ನಿರಿಸಿ, ತರುಣ ಕಲಾವಿದರ ಅಭ್ಯಾಸಕ್ಕೆ ಅನುಕೂಲ ಕಲ್ಪಿಸಿದ್ದನು. 1475ರಲ್ಲಿ ಜನಿಸಿದ ಮೈಕೆಲೇಂಜೆಲೊ ಹಾಗೂ ಅವನಿಗಿಂತ ಎರಡು ವರ್ಷಕ್ಕೂ ತುಸು ಹೆಚ್ಚು ಹಿರಿಯನಾದ ಪಿಯೆತ್ರೊ ತೊರಿಜಾನೊ ಅಲ್ಲಿ ಸಹೋದ್ಯೋಗಿಗಳು. ಮಸಾಚೊ ಎಂಬ ಕಲಾವಿದನ ಭಿತ್ತಿಚಿತ್ರಗಳನ್ನು ನೋಡಿ ರೇಖಾಭ್ಯಾಸ ಮಾಡಲು ಅವರು ಕಾರ್ಮಿನೆ ಚರ್ಚಿಗೆ ಹೋಗುತ್ತಿದ್ದರು. ಒಂದು ದಿನ ತೊರಿಜಾನೊ ಮುಷ್ಟಿ ಬಿಗಿದು ಮೈಕೆಲೇಂಜೆಲೊನ ಮುಖಕ್ಕೆ ಹೊಡೆದನು. ಮೂಗು ಮುರಿಯಿತು. ಹುಡುಗನನ್ನು ಸತ್ತವನೆಂಬಂತೆ ಮನೆಗೆ ಹೊತ್ತೊಯ್ದರೆಂದು ಅವನ ಶಿಷ್ಯ ಕೊಂಡಿವಿ 1553ರಲ್ಲಿ ಬರೆದಿದ್ದಾನೆ.

ಈ ಕೃತ್ಯಕ್ಕೆ ಕಾರಣವೇನು? ಮೈಕೆಲೇಂಜೆಲೊನ ಅಭಿಮಾನಿಯಾದ ವಸಾರಿಯು ಅಸೂಯೆಯೇ ಕಾರಣವೆಂದನು. ಆದರೆ ತೊರಿಜಾನೊ ಮುಂದೆ ಚೆಲ್ಲೀನಿ ಎಂಬ ಅಕ್ಕಸಾಲಿಗೆ ಹೇಳಿದ್ದು ಬೇರೆ: ಚಿತ್ರ ಬರೆಯುತ್ತಿದ್ದವರನ್ನೆಲ್ಲ ಗೇಲಿ ಮಾಡುವುದು ಮೈಕೆಲೇಂಜೆಲೊನ ರೂಢಿ, ಅಂದು ತನಗೆ ಸಹನೆ ಮೀರಿತು. ಎರಡೂ ನಿಜವಿರಬಹುದು. ಹೊಡೆದವನ ಅಪರಾಧವು ಇದರಿಂದ ಕುಗ್ಗುವುದಿಲ್ಲ. ಆದರೆ ದಿನದಿನವೂ ನಡೆಯುತ್ತಿದ್ದ ಆ ಪರಿಹಾಸವನ್ನು ತಡೆದ ಹಿರಿಯರ ಉಲ್ಲೇಖ ಈ ಬರಹಗಳಲ್ಲಿ ಕಾಣದು. ಲೊರೆಂಜೊ ಕೆರಳಿದ್ದು ರಕ್ತ ಹರಿದ ಮೇಲೆ.

ತೊರಿಜಾನೊ ಊರು ಬಿಟ್ಟು ಓಡಿದನು. ಕೆಲಕಾಲ ಸೈನಿಕನಾಗಿದ್ದು, ಬಳಿಕ ಇಂಗ್ಲೆಂಡನ್ನು ಸೇರಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಏಳನೆಯ ಹೆನ್ರಿಯ ಸಮಾಧಿಶಿಲ್ಪವನ್ನು ನಿರ್ಮಿಸಿದನು. ಅದು ಇಂದಿಗೂ ಮನೋಹರವಾಗಿದೆ. ಸಹಾಯಕರನ್ನು ಅರಸುತ್ತ ಫ್ಲಾರೆನ್ಸಿಗೆ ಮರಳಿದಾಗ ಅವನು ತನ್ನ ಹಳೆಯ ಹೊಡೆತವನ್ನು ಹೆಮ್ಮೆಯಿಂದ ಬಣ್ಣಿಸಿದನು. ಅದನ್ನು ಕೇಳಿದ ಚೆಲ್ಲೀನಿಯು ಅವನೊಡನೆ ಹೋಗಲು ಒಪ್ಪಲಿಲ್ಲ. ಅವನ ಮುಖ ನೋಡುವುದೂ ಅಸಹ್ಯವಾಯಿತು. 1528ರಲ್ಲಿ ತೊರಿಜಾನೊ ಸ್ಪೇನಿನ ಸೆವಿಲ್ ನಗರದಲ್ಲಿ ಮೃತನಾದನು. ಸಂಭಾವನೆಯಲ್ಲಿ ವಂಚನೆಯಾಯಿತೆಂದು ರೋಷಗೊಂಡು, ತಾನೇ ಕಡೆದ ಮಾತೆ ಮೇರಿಯ ವಿಗ್ರಹವನ್ನು ಒಡೆದು, ಅದಕ್ಕಾಗಿ ಸೆರೆಮನೆ ಸೇರಿ, ವ್ಯಥೆಯಿಂದ ಅನ್ನ ತೊರೆದು ಸತ್ತನೆಂದು ವಸಾರಿ ಹೇಳುತ್ತಾನೆ.

ಮೈಕೆಲೇಂಜೆಲೊ 1564ರವರೆಗೆ ಬದುಕಿದನು. ಅವನ ಕಂಚಿನ ಮುಖಪ್ರತಿಮೆಗಳಲ್ಲಿ ಚಪ್ಪಟೆಯಾದ ಆ ಮೂಗು ಎದ್ದು ಕಾಣುತ್ತದೆ. ಹೊಡೆತಕ್ಕೆ ಹಿಡಿದದ್ದು ಒಂದು ಕ್ಷಣ. ಗುರುತು ಉಳಿದದ್ದು ಎಪ್ಪತ್ತಕ್ಕೂ ಹೆಚ್ಚು ವರ್ಷ. ಹಲವರು ಕೂಡಿ ದುಡಿಯುವ ಎಡೆಯಲ್ಲಿ ಹಿರಿತನ ವಹಿಸಿದವರು ಎತ್ತಿದ ಕೈಯನ್ನು ಹಿಡಿದರೆ ಸಾಲದು. ಅದಕ್ಕೆ ಮುನ್ನ ಆಡಿದ ಚುಚ್ಚುಮಾತನ್ನೂ ಹಿಂಸೆಯೆಂದೇ ಎಣಿಸಿ ತಡೆಯಬೇಕು.