ಗುಂಡಿ ಒತ್ತುವ ಮೊದಲೇ ಹಾರುವ ಹಕ್ಕಿ

ಹಳೆಯ ಹಕ್ಕಿಚಿತ್ರಗಳ ಪುಸ್ತಕ ಬಿಡಿಸಿದರೆ ಎಲ್ಲೆಲ್ಲೂ ಗೂಡೇ. ಕಾವು ಕೂತ ತಾಯಿ, ಗುಟುಕು ಕೊಡುವ ತಾಯಿ, ಇಲ್ಲವೇ ಬರೀ ಮೊಟ್ಟೆ. ಇಂಗ್ಲೆಂಡಿನ ಕೀರ್ಟನ್ ಸೋದರರು 1895ರಲ್ಲಿ ತಂದ, ಚಿತ್ರಗಳೆಲ್ಲ ಛಾಯಾಚಿತ್ರಗಳೇ ಆಗಿದ್ದ ಪುಸ್ತಕದ ವಿಷಯವೂ ಹಕ್ಕಿಗೂಡುಗಳೇ. ಗಾಜಿನ ಫಲಕ, ಮರದ ಸ್ಟ್ಯಾಂಡು ಹೊತ್ತು ತಿರುಗುವವನಿಗೆ ಹಕ್ಕಿ ಮತ್ತೆ ಬಂದೇ ಬರುತ್ತದೆಂದು ನಂಬಬಹುದಾದ ಜಾಗ ಅದೊಂದೇ ಆಗಿತ್ತು. ಈ ಕಲೆ ಕ್ಯಾಮೆರಾದ ವೇಗದಿಂದ ಬೆಳೆಯಿತು ಎನ್ನುತ್ತಾರೆ. ಹಕ್ಕಿ ಎಲ್ಲಿ, ಯಾವಾಗ ಬರುತ್ತದೆಂಬ ಊಹೆಯೇ ಅದನ್ನು ಹೆಚ್ಚು ಬೆಳೆಸಿತು ಎಂದು ನನ್ನ ಎಣಿಕೆ.

ವೇಗವೇನೋ ಮೊದಲೇ ಬಂದಿತ್ತು. ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ 1882ರಲ್ಲೇ ಕೋವಿಯಾಕಾರದ ಕ್ಯಾಮೆರಾ ಹಿಡಿದು ಸೆಕೆಂಡಿಗೆ 12 ಚಿತ್ರ ತೆಗೆದಿದ್ದ. ಆದರೆ ಅದು ಬಯಲ ಬೆಳಕಿನಲ್ಲಿ ಹಾರುವ ಹಕ್ಕಿಯ ರೆಕ್ಕೆಯ ಲೆಕ್ಕಾಚಾರ. ಎಲೆಮರೆಯಲ್ಲಿ ಜಿಗಿಯುವ ಬೊಗಸೆಗಾತ್ರದ ಜೀವಕ್ಕೆ ಆ ಬೆಳಕು ಸಾಲದು.

ಸಾಲುವ ಬೆಳಕನ್ನು ಕೊಟ್ಟವರು ಅಮೆರಿಕದ ಎಂ.ಐ.ಟಿ.ಯ ಹೆರಾಲ್ಡ್ ಎಡ್ಜರ್ಟನ್. ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತನ್ನು ಅನಿಲ ತುಂಬಿದ ಕೊಳವೆಗೆ ಒಮ್ಮೆಲೇ ಹರಿಸಿದರೆ ಕ್ಷಣದ ಸಾವಿರಾರು ಪಾಲಿನಲ್ಲೊಂದು ಪಾಲಷ್ಟೇ ಬಾಳುವ ಮಿಂಚು ಹುಟ್ಟುತ್ತದೆ. ರೆಕ್ಕೆಯನ್ನು ನಿಲ್ಲಿಸುವ ಕೆಲಸ ಷಟರಿನ ಕೈತಪ್ಪಿ ಬೆಳಕಿನ ಪಾಲಾಯಿತು. 1930ರ ದಶಕದಲ್ಲಿ ಅವರು ಹಿಡಿದ ಹಮ್ಮಿಂಗ್‌ಬರ್ಡ್‌ಗಳ ಬೆನ್ನು ಹತ್ತಿದವರು ಡುಪಾಂಟ್ ಕಂಪನಿಯ ಅಧ್ಯಕ್ಷ ಕ್ರಾಫರ್ಡ್ ಗ್ರೀನ್‌ವಾಲ್ಟ್. 1960ರ ಅವರ ಪುಸ್ತಕದಲ್ಲಿ ಸೆಕೆಂಡಿಗೆ ಹತ್ತಾರು ಸಲ ಬಡಿಯುವ ರೆಕ್ಕೆ ಗರಿಗರಿಯಾಗಿ ನಿಂತಿದೆ. ಉದ್ಯಮಪತಿಯ ಹವ್ಯಾಸವೆಂದು ಮೂಗು ಮುರಿಯುವಂತಿಲ್ಲ. ಆ ಉಪಕರಣಗಳನ್ನು ಜೋಡಿಸಲು ಹಣವೂ ಬೇಕಿತ್ತು, ಎಂಜಿನಿಯರನ ತಲೆಯೂ ಬೇಕಿತ್ತು.

ಸಾಮಾನ್ಯರ ಕೈಗೆ ಈ ವಿದ್ಯೆ ಬಂದದ್ದು ಸಣ್ಣ ಫ್ಲ್ಯಾಶುಗಳಿಂದ. ಅವುಗಳ ಶಕ್ತಿಯನ್ನು ಹದಿನಾರನೆಯ ಇಲ್ಲವೇ ಮೂವತ್ತೆರಡನೆಯ ಒಂದು ಪಾಲಿಗೆ ಇಳಿಸಿದರೆ ಮಿಂಚಿನ ಅವಧಿಯೂ ಮೊಟಕಾಗುತ್ತದೆ. ಒಂದು ಸಾಲದೆಂದು ಮೂರು ನಾಲ್ಕನ್ನು ಕೊಂಬೆಯ ಸುತ್ತ ಕಟ್ಟುವುದು ರೂಢಿಯಾಯಿತು. ತೊಡಕು ಒಂದೇ: ಫ್ಲ್ಯಾಶಿಗೆ ಹೊಂದುವ ಷಟರ್ ವೇಗ 1/250 ಸೆಕೆಂಡಿನ ಆಸುಪಾಸಿನಲ್ಲೇ ನಿಂತಿದ್ದರಿಂದ ಹಗಲ ಬೆಳಕು ಒಳನುಸುಳಿ, ಸ್ಪಷ್ಟ ರೆಕ್ಕೆಯ ಪಕ್ಕದಲ್ಲೇ ಮಸುಕು ರೆಕ್ಕೆಯೂ ಮೂಡುತ್ತಿತ್ತು. ಆ ಹಗಲ ಬೆಳಕನ್ನು ಅಡಗಿಸಬೇಕಾಗಿ ಬಂದದ್ದೇ ಹಿನ್ನೆಲೆ ಕತ್ತಲಾದ ಎಷ್ಟೋ ಚಿತ್ರಗಳಿಗೆ ಕಾರಣ.

ನಮ್ಮಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಬೆಂಗಳೂರಿನಿಂದ, ತೇಜಸ್ವಿ ಮೂಡಿಗೆರೆಯ ಕಾಫಿ ತೋಟದಿಂದ ಹಕ್ಕಿಗಳ ಬೆನ್ನು ಬಿದ್ದದ್ದು ರೀಲಿನ ಕಾಲದಲ್ಲಿ. ರೀಲಿಗೆ 36 ಚಿತ್ರ. ತೊಳೆಸಿ ನೋಡುವವರೆಗೆ ಏನು ಸಿಕ್ಕಿತೆಂಬುದೇ ಗೊತ್ತಿಲ್ಲ. ಪಿಕಳಾರ ನೀರಿಗಿಳಿಯುವ ಮುನ್ನ ಯಾವ ಕೊಂಬೆಯಲ್ಲಿ ಕೂರುತ್ತದೆಂದು ಬಲ್ಲವನಿಗಷ್ಟೇ ಆ ಲೆಕ್ಕ ಕೈಗೂಡುತ್ತಿತ್ತು.

ಆಟೋಫೋಕಸ್ 1985ರ ಮಿನೋಲ್ಟಾ 7000ದಿಂದ ಜನಪ್ರಿಯವಾಯಿತು, ಆಮೇಲೆ ಡಿಜಿಟಲ್ ಬಂತು. ಇವು ಎಲ್ಲರಿಗೂ ಗೊತ್ತಿರುವ ಸಂಗತಿ. ನಿಜವಾದ ತಿರುವು 2016ರದು. ಒಲಿಂಪಸ್‌ನ ಹೊಸ ಕ್ಯಾಮೆರಾ, ಗುಂಡಿಯನ್ನು ಅರ್ಧ ಒತ್ತಿದಾಗಲೇ ಚಿತ್ರ ಕೂಡಿಡತೊಡಗಿ, ಪೂರ್ತಿ ಒತ್ತಿದಾಗ ಹಿಂದಿನ 14 ಫ್ರೇಮುಗಳನ್ನೂ ಉಳಿಸಿಕೊಟ್ಟಿತು. ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸೆಕೆಂಡಿನ ಐದನೆಯ ಒಂದು ಪಾಲಾದರೂ ಬೇಕು; ಅಷ್ಟರಲ್ಲಿ ಟುವ್ವಿ ಚೌಕಟ್ಟಿನಿಂದಾಚೆ. ಆ ಪಾಲನ್ನೇ ಯಂತ್ರ ಹಿಂದಿರುಗಿಸಿತು. 2020ರ ಹೊತ್ತಿಗೆ ಹಕ್ಕಿಯನ್ನು ಗುರುತಿಸಿ ಅದರ ಕಣ್ಣಿಗೇ ಫೋಕಸ್ ಮಾಡುವ ಕ್ಯಾಮೆರಾಗಳೂ ಬಂದವು.

ಹೊಸ ಕುಂದೂ ಜೊತೆಗೇ ಬಂತು. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ. ಓದಿ ಮುಗಿಯುವುದರೊಳಗೆ ರೆಕ್ಕೆ ಕದಲಿ, ಒಲೆಯ ಮೇಲಿನ ಹಪ್ಪಳದಂತೆ ಸೊಟ್ಟಗಾಗುತ್ತದೆ. 2023ರ ಸೋನಿ ಎ9 III ಸೆನ್ಸರನ್ನಿಡೀ ಒಂದೇ ಬಾರಿಗೆ ಓದಿ ಇದನ್ನು ಬಗೆಹರಿಸಿತು. 1/80,000 ಸೆಕೆಂಡಿನಲ್ಲೂ ಫ್ಲ್ಯಾಶನ್ನು ಹೊಂದಿಸಿ ಹಳೆಯ ಮಸುಕು ರೆಕ್ಕೆಯ ಕಾಟವನ್ನೂ ಕಳೆಯಿತು. ಬೆಲೆ ಮಾತ್ರ ಹವ್ಯಾಸಿಯ ಎದೆ ನಡುಗಿಸುವಂಥದ್ದು.

ಕೆಲವು ಸ್ಪರ್ಧೆಗಳು ಈಗ ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದಿಲ್ಲ. ತಾಯಿಹಕ್ಕಿ ಬೆದರಿದರೆ ಮರಿ ಸಾಯುತ್ತದೆಂಬ ಕಾರಣ ಸರಿಯಾದದ್ದೇ. ಹೀಗಾಗಿ ಛಾಯಾಗ್ರಾಹಕರು ನೀರಿನ ತಟ್ಟೆ, ಹೂವಿನ ಗಿಡ, ನೆಟ್ಟ ಒಣಕೊಂಬೆಯ ಮುಂದೆ ಕೂರುತ್ತಿದ್ದಾರೆ. ಸೆಕೆಂಡಿಗೆ 120 ಚಿತ್ರ ಬಂದರೂ ಬೆಳಗಿನ ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ ಸೂರಕ್ಕಿ ಬರುತ್ತದೆಂಬುದನ್ನು ಅವರೇ ಕೂತು ನೋಡಿ ಕಲಿಯಬೇಕಾಗಿದೆ.